ಮನೆಯ ಕಂಪ್ಯೂಟರಿಗೆ ಬ್ಯಾಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಪರಿಚಯದವರು ಎದುರು ಸಿಕ್ಕಾಗ, ಫೋನ್ ಮಾಡಿದಾಗ, ಪತ್ರ ಬರೆದಾಗ ಬ್ಯಾಕಪ್ ಬಗ್ಗೆ, ಎಂದರೆ ಫೈಲ್‌ಗಳ ಇನ್ನೊಂದು ಪ್ರತಿ ಕಾಪಾಡಿಡುವುದರ ಬಗ್ಗೆ, ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಮೊದಲಿನವು ಹೊಸಬರಿಗೆ, ಕೊನೆಯ ಕೆಲವು ಸ್ವಲ್ಪ ಪಳಗಿದವರಿಗೆ. ಎಲ್ಲವನ್ನೂ ಓದಲು ಹೊತ್ತಿಲ್ಲದವರು ಹಾರ್ಡ್ ಡಿಸ್ಕನ್ನು ಯಾವಾಗಲೂ ಹಚ್ಚಿಡುವುದರ ಬಗೆಗಿನ ಪ್ರಶ್ನೆಯನ್ನಾದರೂ ಓದಿ. ಸೈಬರ್ ದಾಳಿಯಾದ ದಿನ ಕೈಗೆ ಸಿಗುವುದು ಕಂಪ್ಯೂಟರಿನಿಂದ ಬಿಚ್ಚಿ ಬೇರೆ ಇಟ್ಟ ಪ್ರತಿ ಮಾತ್ರ.

## ಮೊದಲು ತಿಳಿಯಬೇಕಾದ್ದು

ನಮ್ಮ ಮನಿ ಕಂಪ್ಯೂಟರ್‌ನ್ಯಾಗ ಅಂಥಾದ್ದೇನೈತ್ರೀ? ನಮ್ಮ ಮ್ಯಾಲ ಯಾರ್ ದಾಳಿ ಮಾಡ್ತಾರ?

ನಿಮ್ಮ ಹೆಸರು ಹುಡುಕಿಕೊಂಡು ಯಾರೂ ಬರುವುದಿಲ್ಲ, ನಿಜ. ಹುಡುಕುವ ಅಗತ್ಯವೂ ಅವರಿಗಿಲ್ಲ. ರಾನ್ಸಮ್‌ವೇರ್ ಎಂಬ ಜಾತಿಯ ವೈರಸ್ಸು ಸಿಕ್ಕ ಕಂಪ್ಯೂಟರಿಗೆ ನುಗ್ಗಿ ಅದರಲ್ಲಿರುವ ಫೋಟೊ, ಪತ್ರ, ಲೆಕ್ಕಪತ್ರಗಳನ್ನೆಲ್ಲ ಓದಲು ಬಾರದಂತೆ ಗೂಢಲಿಪಿಗೆ ತಿರುಗಿಸುತ್ತದೆ. ಮತ್ತೆ ಓದಬೇಕಾದರೆ ಇಷ್ಟು ರೊಕ್ಕ ಕೊಡಿ ಎಂದು ಒಂದು ಚೀಟಿ ಬಿಟ್ಟಿರುತ್ತದೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ 150ರಷ್ಟು ದೇಶಗಳಲ್ಲಿ ಆಸ್ಪತ್ರೆ, ಕಾರ್ಖಾನೆ, ಮನೆ ಎಂಬ ಭೇದವಿಲ್ಲದೆ ಹೀಗೇ ಮಾಡಿತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಅದೇ ಮಾರ್ಚ್‌ನಲ್ಲಿ, ತಿದ್ದುಪಡಿ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಮನೆಗಳ ಮಟ್ಟಿಗೆ ಹೆಚ್ಚು ಕಾಟ ಕೊಟ್ಟದ್ದು ಸ್ಟಾಪ್ ಅಥವಾ ಡಿಜೆವು ಎಂಬ ಹೆಸರಿನ ಬಳಗ. ಅದು ಬರುವ ದಾರಿ ಎಂದರೆ ಬೀಗ ಮುರಿದು ಪುಕ್ಕಟೆ ಹಂಚುವ ಕ್ರ್ಯಾಕ್ ಸಾಫ್ಟ್‌ವೇರ್, ವಿಂಡೋಸನ್ನು ಕಳ್ಳದಾರಿಯಲ್ಲಿ ಆಕ್ಟಿವೇಟ್ ಮಾಡುವ ಪ್ರೋಗ್ರಾಮ್‌ಗಳು. ನಮ್ಮ ಕಡೆ ಎಷ್ಟು ಡಿಟಿಪಿ ಅಂಗಡಿಗಳಲ್ಲಿ, ಎಷ್ಟು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಇವು ಕೂತಿವೆ ಎಂದು ನಿಮಗೇ ಗೊತ್ತು.

ಇನ್ನು "ಅಂಥಾದ್ದೇನೈತಿ" ಎಂಬ ಮಾತು. ಕಳ್ಳನಿಗೆ ನಿಮ್ಮ ಫೋಟೊ ಬೇಕಿಲ್ಲ. ಅದು ನಿಮಗೆ ಬೇಕು ಎಂಬುದಷ್ಟೇ ಅವನಿಗೆ ಸಾಕು.

ಆಂಟಿವೈರಸ್ ಹಾಕಿಸೇನಿ, ಅಪ್‌ಡೇಟೂ ಆಗ್ತಾವು. ಮತ್ತ ಬ್ಯಾಕಪ್ ಯಾಕ ಬೇಕು?

ಎರಡೂ ಬೇಕು, ಬಿಡಬೇಡಿ. ಆದರೆ ಆಂಟಿವೈರಸ್ ಹೊಸ ವೈರಸ್ಸನ್ನು ಪ್ರತಿ ಸಲವೂ ಗುರುತಿಸುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. ಕ್ರ್ಯಾಕ್ ಹಾಕುವಾಗಂತೂ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆಯೇ ಇರುತ್ತದೆ, ಜನ ಆಫ್ ಮಾಡುತ್ತಾರೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರ್ ಬದಲಿಸಲು ಆಗದವರಿಗೆ ಬ್ಯಾಕಪ್ಪಿನ ಅಗತ್ಯ ಇನ್ನೂ ಹೆಚ್ಚು. ವಿಂಡೋಸ್ ಸೆಕ್ಯುರಿಟಿಯ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಒಂದು ಸ್ವಿಚ್ ಇದೆ. ಅದನ್ನು ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮ್‌ಗಳು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಫೈಲ್ ಬದಲಿಸಲು ಬಿಡುವುದಿಲ್ಲ. ಕೆಲವು ಹಳೆಯ ಸಾಫ್ಟ್‌ವೇರ್ ಇದರಿಂದ ತಕರಾರು ಮಾಡಬಹುದು, ಅವುಗಳಿಗೆ ಒಂದೊಂದಾಗಿ ಅನುಮತಿ ಕೊಟ್ಟರಾಯಿತು.

ಬ್ಯಾಕಪ್ ಅಂದ್ರ ಕಾಪಿನ ಅಲ್ಲೇನ್ರಿ? ಡಿ ಡ್ರೈವ್‌ನ್ಯಾಗ ಇನ್ನೊಂದು ಕಾಪಿ ಇಟ್ಟೀನಿ.

ಸಿ, ಡಿ, ಇ ಎಂದು ಕಾಣುವುದು ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಒಂದೇ ಡಿಸ್ಕಿನ ಭಾಗಗಳು. ಡಿಸ್ಕ್ ಕೆಟ್ಟರೆ ಮೂರೂ ಹೋದವು. ರಾನ್ಸಮ್‌ವೇರ್ ಬಂದರೆ ಅದು ಸಿ ಮುಗಿಸಿ ಡಿಗೆ, ಡಿ ಮುಗಿಸಿ ಇಗೆ ಹೋಗುತ್ತದೆ.

ಡಿ ಡ್ರೈವ್‌ನಿಂದ ಒಂದು ಉಪಯೋಗ ಉಂಟು. ವಿಂಡೋಸ್ ಕೆಟ್ಟು ರಿಪೇರಿ ಅಂಗಡಿಗೆ ಒಯ್ದಾಗ ಅವರು ಸಾಮಾನ್ಯವಾಗಿ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡುತ್ತಾರೆ, ಡಿ ಉಳಿಯುತ್ತದೆ. ನೆನಪಿಡಿ, ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತದೆ. "ಡೆಸ್ಕ್‌ಟಾಪ್ ಮ್ಯಾಲ ಇತ್ರೀ, ಹೋಗಿಬಿಟ್ಟೈತಿ" ಎಂಬ ಮಾತು ಕೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ನಾನು ಕೇಳಿಲ್ಲ. ರಿಪೇರಿಗೆ ಕೊಡುವ ಮೊದಲು ಬ್ಯಾಕಪ್ ನೀವೇ ತೆಗೆದುಕೊಳ್ಳಿ, ಅಂಗಡಿಯವರ ನೆನಪಿನ ಮೇಲೆ ಬಿಡಬೇಡಿ.

ಏನೇನು ಬ್ಯಾಕಪ್ ತಗೀಬೇಕು? ಎಲ್ಲಾನೂ ತಗೀಬೇಕೇನು?

ಮತ್ತೆ ಸಿಗದಂಥದ್ದು ಮೊದಲು. ಪಹಣಿ ಭೂಮಿ ತಂತ್ರಾಂಶದಿಂದ ಮತ್ತೆ ಸಿಗುತ್ತದೆ. ಆಧಾರ್ ಮತ್ತೆ ಸಿಗುತ್ತದೆ. ಬಹಳಷ್ಟು ಮಾರ್ಕ್ಸ್‌ಕಾರ್ಡ್ ಡಿಜಿಲಾಕರ್‌ನಲ್ಲಿ ಇವೆ. ಡೌನ್‌ಲೋಡ್ ಮಾಡಿದ ಸಿನೆಮಾ, ಸಾಫ್ಟ್‌ವೇರ್‌ಗಳಿಗೆ ಡಿಸ್ಕಿನ ಜಾಗ ಕೊಡುವುದೇ ಬೇಡ. ತೀರಿಕೊಂಡ ಅಜ್ಜಿಯ ಫೋಟೊ, ಮಕ್ಕಳ ಜಾವಳದ ವಿಡಿಯೊ, ಅರ್ಧ ಬರೆದ ಪಿಎಚ್‌ಡಿ ಪ್ರಬಂಧ, ಕೈಯಾರೆ ಟೈಪ್ ಮಾಡಿದ ವಂಶಾವಳಿ, ಇವು ಎಲ್ಲಿಯೂ ಮತ್ತೆ ಸಿಗುವುದಿಲ್ಲ.

ನಮ್ಮ ಕಡೆಯವರು ಮರೆಯುವ ಮೂರು ವಸ್ತುಗಳಿವೆ.

ಮೊದಲನೆಯದು ಫಾಂಟ್. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವುದೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಡಿಟಿಪಿಯವರ ಹತ್ತಿರ ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ಮಾಡಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆಗಳ ವರ್ಷಗಟ್ಟಲೆ ಕೆಲಸ ಇದೆ. ಅಂಥವರು ಫೈಲ್‌ಗಳ ಜೊತೆಗೇ ಫಾಂಟ್‌ಗಳದೊಂದು ಫೋಲ್ಡರ್ ಮತ್ತು ಆ ಸಾಫ್ಟ್‌ವೇರ್‌ನ ಇನ್‌ಸ್ಟಾಲರನ್ನು ಇಟ್ಟುಕೊಳ್ಳಲೇಬೇಕು. ಸಾಧ್ಯವಿದ್ದರೆ ಮುಖ್ಯವಾದವನ್ನು ಒಂದು ಪಿಡಿಎಫ್ ಕೂಡ ಮಾಡಿಡಿ. ಹಳೆಯ ಫಾಂಟಿನ ಹಂಗಿಲ್ಲದೆ ಕನ್ನಡ ತೋರಿಸುವ ಯುನಿಕೋಡಿಗೆ ಬದಲಿಸಿದರೆ ಇನ್ನೂ ಒಳ್ಳೆಯದು.

ಎರಡನೆಯದು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಡೇಟಾ. ಅದು ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ಡೇಟಾ ಪಾತ್ ಎಂದು ಕಾಣುತ್ತದೆ. ಆ ಜಾಗದಲ್ಲಿ ಬರೀ ಅಂಕಿಗಳೇ ಹೆಸರಾದ ಫೋಲ್ಡರ್ ಇರುತ್ತದೆ, ಅದೇ ನಿಮ್ಮ ಕಂಪನಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಲೆಕ್ಕವನ್ನು ಮನೆಯ ಕಂಪ್ಯೂಟರಿನಲ್ಲೇ ನೋಡಿಕೊಳ್ಳುವವರಿಗೂ ಇದು ಅನ್ವಯ.

ಮೂರನೆಯದು ಫೋನ್. ಈಗ ಫೋಟೊ ಹುಟ್ಟುವುದೇ ಅಲ್ಲಿ. ತಿಂಗಳಿಗೊಮ್ಮೆ ಕೇಬಲ್ ಹಚ್ಚಿ ಕ್ಯಾಮೆರಾ ಫೋಲ್ಡರ್ ಮತ್ತು ವಾಟ್ಸ್ಆ್ಯಪ್ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಅಲ್ಲಿಂದ ಬ್ಯಾಕಪ್ಪಿಗೆ ಹೋಗಲಿ.

ಪೆನ್‌ಡ್ರೈವ್ ಸಾಕಾಗೂದಿಲ್ಲೇನ್ರಿ? ಇಲ್ಲಾ ದೊಡ್ಡ ಹಾರ್ಡ್ ಡಿಸ್ಕ ಬೇಕೋ?

ಪೆನ್‌ಡ್ರೈವ್ ಒಯ್ಯಲಿಕ್ಕೆ ಸರಿ, ಕಾಪಾಡಲಿಕ್ಕೆ ಅಲ್ಲ. ಕಳೆದುಹೋಗುತ್ತದೆ, ಮುನ್ಸೂಚನೆ ಕೊಡದೆ ಸಾಯುತ್ತದೆ, ಝೆರಾಕ್ಸ್ ಅಂಗಡಿಗೆ ಹೋಗಿ ವೈರಸ್ ಹತ್ತಿಸಿಕೊಂಡು ಬರುತ್ತದೆ.

ಹೊರಗಿನಿಂದ ಹಚ್ಚುವ ತಿರುಗುವ ಹಾರ್ಡ್ ಡಿಸ್ಕೇ ಮನೆಗೆ ಚೊಲೋ. ಎಸ್‌ಎಸ್‌ಡಿ, ಎಂದರೆ ತಿರುಗುವ ಭಾಗವಿಲ್ಲದ ಚಿಪ್ಪಿನ ಡಿಸ್ಕ್, ವೇಗದ್ದು, ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಅದನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಕಪಾಟಿನಲ್ಲಿಟ್ಟರೆ ಬರೆದದ್ದು ಅಳಿಸಿಹೋಗುವ ಸಾಧ್ಯತೆ ಇದೆ, ಆಗಾಗ ಹಚ್ಚಿ ನೋಡಬೇಕು. ಅಳತೆಯ ವಿಚಾರಕ್ಕೆ ಬಂದರೆ, ಈಗ ನಿಮ್ಮ ಬಳಿ ಇರುವ ಫೈಲ್‌ಗಳ ಎರಡು-ಮೂರು ಪಟ್ಟು ಜಾಗ ಇರಲಿ. ಡಿಸ್ಕ್ ಫ್ಯಾಟ್32 ಆಗಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರೊಳಗೆ ಹೋಗುವುದಿಲ್ಲ. ಮದುವೆ ವಿಡಿಯೊ ಕಾಪಿ ಆಗುವುದಿಲ್ಲ ಎನ್ನುವವರ ತೊಂದರೆ ಬಹಳಷ್ಟು ಸಲ ಇದೇ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್, ಮ್ಯಾಕ್ ಕೂಡ ಇದ್ದವರು ಎಕ್ಸ್‌ಫ್ಯಾಟ್ ಆರಿಸಿಕೊಳ್ಳಿ.

ಐದಾರು ವರ್ಷ ಹಳೆಯದಾದ ಡಿಸ್ಕಿನ ಮೇಲೆ ಪೂರ್ತಿ ಭರವಸೆ ಇಡಬೇಡಿ.

## ದಿನನಿತ್ಯದ ರೂಢಿ

ಹಾರ್ಡ್ ಡಿಸ್ಕ್ ಯಾವಾಗ್ಲೂ ಹಚ್ಚೇ ಇಟ್ಟೀನ್ರಿ, ತಾನಾ ಬ್ಯಾಕಪ್ ಆಗ್ತದ. ಚೊಲೋ ಅಲ್ಲೇನು?

ಡಿಸ್ಕ್ ಕೆಟ್ಟುಹೋಗುವ ಅಪಾಯಕ್ಕೆ ಚೊಲೋ. ಸೈಬರ್ ದಾಳಿಗೆ ಏನೂ ಉಪಯೋಗವಿಲ್ಲ. ಕಂಪ್ಯೂಟರಿಗೆ ಕಾಣುವ ಡಿಸ್ಕ್ ವೈರಸ್ಸಿಗೂ ಕಾಣುತ್ತದೆ. ನೀವು ಬರೆಯಬಲ್ಲ ಜಾಗದಲ್ಲಿ ಅದೂ ಬರೆಯಬಲ್ಲದು. ವಿಂಡೋಸ್ ಒಳಗೊಳಗೇ ಇಟ್ಟುಕೊಳ್ಳುವ ಶ್ಯಾಡೋ ಕಾಪಿಗಳನ್ನು ಅಳಿಸಿಹಾಕುವುದು ರಾನ್ಸಮ್‌ವೇರ್‌ನ ಮೊದಲ ಕೆಲಸಗಳಲ್ಲೊಂದು. ಬ್ಯಾಕಪ್ ಉಳಿದರೆ ರೊಕ್ಕ ಹುಟ್ಟುವುದಿಲ್ಲ ಎಂದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಅವರು ಬ್ಯಾಕಪ್ಪನ್ನೇ ಹುಡುಕುತ್ತಾರೆ. ಬಿತ್ತಲಿಕ್ಕೆ ತೆಗೆದಿಟ್ಟ ಬೀಜದ ಜೋಳವನ್ನು ನಮ್ಮ ರೈತರು ಉಣ್ಣುವ ಜೋಳದ ಚೀಲದಲ್ಲಿ ಇಡುವುದಿಲ್ಲವಲ್ಲ, ಹಾಗೆ ಇದೂ ಬೇರೆಯೇ ಇರಬೇಕು.

ನಾನು ಹೇಳಿಕೊಡುವ ಕ್ರಮ ಹೀಗಿದೆ. ಡಿಸ್ಕ್ ಹಚ್ಚುವ ಮೊದಲು ಕಂಪ್ಯೂಟರಿನಲ್ಲಿ ನಾಲ್ಕಾರು ಹಳೆಯ ಫೋಟೊ, ಒಂದೆರಡು ವರ್ಡ್ ಫೈಲ್ ತೆರೆದು ನೋಡಿ. ಎಲ್ಲ ಸರಿಯಾಗಿ ತೆರೆದರೆ ಮಾತ್ರ ಮುಂದುವರಿಯಿರಿ. ಫೈಲ್ ತೆರೆಯದಿದ್ದರೆ, ಹೆಸರುಗಳ ಕೊನೆಗೆ ವಿಚಿತ್ರ ಅಕ್ಷರ ಕಂಡರೆ, ಡಿಸ್ಕ್ ಕಪಾಟಿನಲ್ಲೇ ಇರಲಿ. ಆಮೇಲೆ ವೈಫೈ ಆಫ್ ಮಾಡಿ. ಟ್ಯಾಲಿ, ಔಟ್‌ಲುಕ್ ತೆರೆದಿದ್ದರೆ ಮುಚ್ಚಿ, ತೆರೆದಿರುವ ಫೈಲ್ ಕಾಪಿ ಆಗದೆ ಉಳಿದುಬಿಡಬಹುದು. ಈಗ ಡಿಸ್ಕ್ ಹಚ್ಚಿ ಕಾಪಿ ಹಾಕಿ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಫೈಲ್‌ಗಳ ಸಂಖ್ಯೆ ಒಂದೇ ಇದೆಯೇ ನೋಡಿ. ಇಜೆಕ್ಟ್ ಮಾಡಿ, ಕೇಬಲ್ ಬಿಚ್ಚಿ, ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ತಾರೀಖು ಬರೆದು ಕಪಾಟಿಗೆ ಇಡಿ.

ತಾನೇ ಆಗುವ ಬ್ಯಾಕಪ್ಪಿನ ಸೌಲಭ್ಯ ಬಿಡಲು ಮನಸ್ಸಿಲ್ಲದಿದ್ದರೆ ಎರಡು ಡಿಸ್ಕ್ ಇಡಿ. ಒಂದು ಹಚ್ಚಿಯೇ ಇರಲಿ, ಇನ್ನೊಂದು ಮೇಲೆ ಹೇಳಿದಂತೆ ಬಿಚ್ಚಿದ್ದು. ವಿಂಡೋಸ್‌ನ ಫೈಲ್ ಹಿಸ್ಟರಿ ಎಂಬ ತಾನೇ ಬ್ಯಾಕಪ್ ತೆಗೆಯುವ ಸೌಲಭ್ಯ ಡಿಸ್ಕ್ ಇಲ್ಲದಾಗ ಸುಮ್ಮನಿದ್ದು ಮತ್ತೆ ಹಚ್ಚಿದಾಗ ಮುಂದುವರಿಯುತ್ತದೆ. ಆದ್ದರಿಂದ ಬಿಚ್ಚಿಡುವವರೂ ಅದನ್ನು ಧಾರಾಳವಾಗಿ ಬಳಸಬಹುದು.

ಹಿಂದಿನ ಕಾಪಿ ಅಳಿಸಿ ಅದರ ಮ್ಯಾಲ ಹೊಸಾದು ಹಾಕ್ತೀನಿ. ಜಾಗ ಉಳೀತದ.

ಇದು ಬೇಡ. ಕಂಪ್ಯೂಟರಿನಲ್ಲಿ ಫೈಲ್ ಹಾಳಾದದ್ದು ನಿಮಗೆ ಅದೇ ದಿನ ಗೊತ್ತಾಗುತ್ತದೆ ಎಂದೇನಿಲ್ಲ. ಹಾಳಾದದ್ದನ್ನೇ ಒಳ್ಳೆಯದರ ಮೇಲೆ ಬರೆದರೆ ಎರಡೂ ಹೋದಂತಾಯಿತು. ವರ್ಷ-ತಿಂಗಳು ಹೆಸರಿನ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಕನಿಷ್ಠ ಕೊನೆಯ ಮೂರು ಪ್ರತಿ ಇರಲಿ. ಫೋಟೊಗಳು ಬದಲಾಗುವಂಥವಲ್ಲ, ಅವುಗಳಿಗೆ ಹೊಸದನ್ನು ಸೇರಿಸುತ್ತ ಹೋದರೆ ಸಾಕು. ಟ್ಯಾಲಿ, ಪ್ರಬಂಧದಂಥ ದಿನವೂ ಬದಲಾಗುವ ಕಡತಗಳು ಗಾತ್ರದಲ್ಲಿ ಚಿಕ್ಕವು, ಹಳೆಯ ಪ್ರತಿಗಳಿಂದ ಡಿಸ್ಕ್ ತುಂಬುವುದಿಲ್ಲ.

ಎಷ್ಟು ದಿನಕ್ಕೊಮ್ಮಿ ತಗೀಬೇಕು?

ಎಷ್ಟು ದಿನದ ಕೆಲಸವನ್ನು ಮತ್ತೆ ಮೊದಲಿಂದ ಮಾಡಲು ತಯಾರಿದ್ದೀರಿ ಎಂದು ಕೇಳಿಕೊಳ್ಳಿ. ವ್ಯಾಪಾರದ ಲೆಕ್ಕ ದಿನಾ, ಪ್ರಬಂಧ ಬರೆಯುವವರು ದಿನಾ, ಮನೆಯ ಫೋಟೊ ತಿಂಗಳಿಗೊಮ್ಮೆ. ಅಂಗಡಿಯವರು ಹೇಗೂ ಅಮಾವಾಸ್ಯೆಗೆ ಪೂಜೆ ಮಾಡುತ್ತೀರಿ, ಪೂರ್ತಿ ಬ್ಯಾಕಪ್ಪನ್ನು ಅದಕ್ಕೇ ಜೋಡಿಸಿಕೊಳ್ಳಿ. ತಾರೀಖು ಮರೆಯಬಹುದು, ಅಮಾವಾಸ್ಯೆ ಮರೆಯುವುದಿಲ್ಲ.

3-2-1 ಅಂತ ಹೇಳ್ತಾರಲ್ಲ, ಮನಿಗೆ ಅಷ್ಟೆಲ್ಲ ಬೇಕೇನ್ರಿ?

ಬೇಕು, ಮತ್ತು ಅದು ಕೇಳಲು ಇರುವಷ್ಟು ಕಷ್ಟವಿಲ್ಲ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಹೆಸರಾಗಿಸಿದ ಸೂತ್ರ ಇದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರು ಅಥವಾ ಬೇರೆ ಕಟ್ಟಡದಲ್ಲಿ. ಕಂಪ್ಯೂಟರಿನಲ್ಲಿರುವುದೇ ಮೊದಲ ಪ್ರತಿ, ಹಾಗಾಗಿ ನೀವು ಹೊಸದಾಗಿ ಮಾಡಬೇಕಾದದ್ದು ಎರಡೇ.

ಬೇರೆ ಕಡೆ ಯಾಕೆ ಎಂದು ಕೇಳುವವರು 2019ರ ಆಗಸ್ಟ್ ನೆನಪಿಸಿಕೊಳ್ಳಿ. ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ಮನೆಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಜನ ಮಕ್ಕಳನ್ನು ಎತ್ತಿಕೊಳ್ಳುತ್ತಾರೆ, ದನ ಬಿಚ್ಚುತ್ತಾರೆ, ಕಪಾಟಿನ ಡಿಸ್ಕ್ ಯಾರಿಗೂ ನೆನಪಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕಳವು, ಬೆಂಕಿಗೂ ಇದೇ ಮಾತು. ನಿಮ್ಮ ಮನೆ ಹುಬ್ಬಳ್ಳಿಯಲ್ಲಿದ್ದು ತಂಗಿಯ ಮನೆ ಧಾರವಾಡದಲ್ಲಿದ್ದರೆ ಎರಡು ಡಿಸ್ಕ್ ಕೊಳ್ಳಿ. ಹಬ್ಬಕ್ಕೆ ಹೋದಾಗ ಹೊಸದನ್ನು ಅಲ್ಲಿಟ್ಟು ಹಳೆಯದನ್ನು ವಾಪಸ್ ತನ್ನಿ. ಚಿಗರಿ ಬಸ್ಸಿನಲ್ಲಿ ಒಯ್ಯುವಾಗ ಡಿಸ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚೀಲದ ನಡುವೆ ಇಡಿ. ಅವರ ಡಿಸ್ಕನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಂಡರೆ ಇಬ್ಬರದೂ ಕೆಲಸ ಆಯಿತು.

ನನ್ನ ಫೈಲ್ ಎಲ್ಲ ಗೂಗಲ್ ಡ್ರೈವ್‌ನಾಗ ಅವ. ಮತ್ತ ಡಿಸ್ಕಿಗೆ ಯಾಕ ರೊಕ್ಕ ಹಾಕಬೇಕು?

ಕ್ಲೌಡ್, ಎಂದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಇಂಥ ಜಾಗ, ಒಳ್ಳೆಯ ಎರಡನೆಯ ಪ್ರತಿ. ಅದೊಂದನ್ನೇ ನಂಬಬೇಡಿ ಎನ್ನಲು ಕಾರಣಗಳಿವೆ.

ಡೆಸ್ಕ್‌ಟಾಪ್ ಮೇಲೆ ಕೂತ ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳು ಮಾಡುವುದು ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಗೂಢಲಿಪಿಯಾದದ್ದು ಅಲ್ಲಿಗೂ ಏರುತ್ತದೆ. ಗೂಗಲ್ ಡ್ರೈವ್ ಸಾಮಾನ್ಯ ಫೈಲ್‌ಗಳ ಹಳೆಯ ಆವೃತ್ತಿಯನ್ನು 30 ದಿನ ಅಥವಾ 100 ಆವೃತ್ತಿಯವರೆಗೆ ಇಟ್ಟುಕೊಳ್ಳುತ್ತದೆ. ಮೈಕ್ರೋಸಾಫ್ಟ್ 365ರ ಚಂದಾದಾರರಿಗೆ ಒನ್‌ಡ್ರೈವನ್ನು ಕಳೆದ 30 ದಿನಗಳ ಒಳಗಿನ ಯಾವುದೇ ಹೊತ್ತಿಗೆ ಹಿಂದಕ್ಕೆ ತಿರುಗಿಸುವ ಸೌಲಭ್ಯ ಇದೆ, ಅದು ನಿಜಕ್ಕೂ ಉಪಯೋಗದ್ದು. ಆದರೆ ತಿಂಗಳು ದಾಟಿದ ಮೇಲೆ ನಿಮ್ಮ ಕಣ್ಣಿಗೆ ಬಿದ್ದರೆ ದಾರಿ ಮುಚ್ಚಿರುತ್ತದೆ.

ಜಾಗದ ಮಾತೂ ಇದೆ. ಗೂಗಲ್ ಪುಕ್ಕಟೆ ಕೊಡುವುದು ಜಿಮೇಲ್, ಡ್ರೈವ್, ಫೋಟೋಸ್ ಎಲ್ಲ ಸೇರಿ 15 ಜಿಬಿ. ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೇ ನಿಂತಿದೆ. ಒನ್‌ಡ್ರೈವ್‌ನದು 5 ಜಿಬಿ. ಎರಡು ವರ್ಷ ಮುಟ್ಟದೆ ಬಿಟ್ಟ ಗೂಗಲ್ ಖಾತೆಯನ್ನು ಅಳಿಸಬಹುದು ಎಂಬ ನಿಯಮವೂ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿ ಫೋಟೊ ಇದ್ದವರು ಬೇಗ ಇಳಿಸಿಕೊಳ್ಳಿ.

ಖಾತೆಗೆ ಎರಡು ಹಂತದ ದೃಢೀಕರಣ ಹಾಕಿ. ಪಾಸ್‌ವರ್ಡ್ ಕದ್ದವನು ಕ್ಲೌಡಿನಲ್ಲಿದ್ದದ್ದನ್ನೂ ಅಳಿಸಬಲ್ಲ.

ಕಾಪಿ ನಡದಾಗ ಕರೆಂಟ್ ಹ್ವಾದ್ರ?

ಹೆಸ್ಕಾಂ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಕೊಂಡು ಶುರು ಮಾಡಿ, ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ. ನಡುವೆ ನಿಂತುಹೋದರೆ ಆ ದಿನದ ಫೋಲ್ಡರನ್ನು ಪೂರ್ತಿ ಅಳಿಸಿ ಮೊದಲಿಂದ ಮಾಡಿ, ಅರ್ಧ ಆದದ್ದರ ಮೇಲೆ ಭರವಸೆ ಬೇಡ. ಹಿಂದಿನ ತಿಂಗಳ ಫೋಲ್ಡರ್ ಬೇರೆ ಇರುವುದರಿಂದ ಅದಕ್ಕೆ ಧಕ್ಕೆ ಆಗುವುದು ಅಪರೂಪ.

ಬ್ಯಾಕಪ್ ಸರಿ ಆಗೇತೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು?

ವಾಪಸ್ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಡಿಸ್ಕನ್ನು ಬೇರೆಯವರ ಕಂಪ್ಯೂಟರಿಗೆ ಹಚ್ಚಿ (ನಿಮ್ಮದಕ್ಕೇ ಹಚ್ಚಿದರೆ ಫಾಂಟ್, ಸಾಫ್ಟ್‌ವೇರ್ ಕೊರತೆ ಕಾಣುವುದಿಲ್ಲ), ಬೇರೆ ಬೇರೆ ವರ್ಷದ ಫೋಟೊ ತೆರೆಯಿರಿ, ಒಂದು ವಿಡಿಯೊವನ್ನು ಕೊನೆಯವರೆಗೆ ಓಡಿಸಿ. ನುಡಿಯಲ್ಲಿ ಬರೆದದ್ದು ಇದ್ದರೆ ಫೋಲ್ಡರಿನಲ್ಲಿಟ್ಟ ಫಾಂಟ್ ಹಾಕಿ ಅದು ಕನ್ನಡವಾಗಿ ಕಾಣುತ್ತದೆಯೇ, ಒತ್ತಕ್ಷರಗಳು ಜಾಗದಲ್ಲಿವೆಯೇ ನೋಡಿ.

ಟ್ಯಾಲಿಯವರಿಗೆ ಒಂದು ಎಚ್ಚರಿಕೆ. ಪರೀಕ್ಷೆಗೆಂದು ರಿಸ್ಟೋರ್ ಮಾಡುವಾಗ ಹೊಸದೊಂದು ಖಾಲಿ ಫೋಲ್ಡರ್ ತೋರಿಸಿ. ಈಗ ನಡೆಯುತ್ತಿರುವ ಡೇಟಾ ಜಾಗವನ್ನೇ ತೋರಿಸಿದರೆ ಹಳೆಯದು ಬಂದು ಇವತ್ತಿನವರೆಗಿನ ಲೆಕ್ಕದ ಮೇಲೆ ಕೂತುಬಿಡುತ್ತದೆ.

ವರ್ಷಕ್ಕೆ ಎರಡು ಸಲ ಈ ಪರೀಕ್ಷೆ ಮಾಡಿ. ಮಾರ್ಚ್ 31ನ್ನು 2011ರಿಂದ ವಿಶ್ವ ಬ್ಯಾಕಪ್ ದಿನ ಎನ್ನುತ್ತಾರೆ. ನಮ್ಮಲ್ಲಿ ಲೆಕ್ಕದ ವರ್ಷ ಮುಗಿಯುವುದೂ ಅಂದೇ ಆದ್ದರಿಂದ ನೆನಪಿಡಲು ಸುಲಭ.

## ದಾಳಿ ಆದ ಮೇಲೆ

ಫೈಲ್ ಒಂದೂ ಓಪನ್ ಆಗವಲ್ವು. ಹೆಸರಿನ ಹಿಂದ ಏನೇನೋ ಅಕ್ಷರ ಬಂದಾವು. ಈಗ ಏನ್ ಮಾಡ್ಲಿ?

ಮೊದಲು ವೈಫೈ ಆಫ್ ಮಾಡಿ, ನೆಟ್ ಕೇಬಲ್ ಕೀಳಿ. ಹಚ್ಚಿದ ಡಿಸ್ಕ್, ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕ್ ತಂದು ಹಚ್ಚಬೇಡಿ. ಈ ಮಾತನ್ನು ಮನೆಯ ಎಲ್ಲರಿಗೂ ಈಗಲೇ ಹೇಳಿಡಿ, ಯಾಕೆಂದರೆ ಆ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದೇ ಅದು. ವೈರಸ್ ಇನ್ನೂ ಜೀವಂತ ಇರುತ್ತದೆ, ಉಳಿದ ಒಂದೇ ಪ್ರತಿಯನ್ನು ಅದರ ಕೈಗೆ ಕೊಟ್ಟಂತಾಗುತ್ತದೆ.

ಪರದೆಯ ಮೇಲಿನ ಬೇಡಿಕೆಯ ಚೀಟಿ, ಬದಲಾದ ಫೈಲ್ ಹೆಸರುಗಳ ಫೋಟೊವನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಹಾಳಾದ ಫೈಲ್‌ಗಳನ್ನು ಅಳಿಸಬೇಡಿ, ಫಾರ್ಮ್ಯಾಟ್ ಮಾಡಲು ಯಾರಿಗೂ ಅವಸರದಲ್ಲಿ ಕೊಡಬೇಡಿ. ಬೇರೆ ಕಂಪ್ಯೂಟರಿನಿಂದ ನೋ ಮೋರ್ ರಾನ್ಸಮ್ ಜಾಲತಾಣಕ್ಕೆ ಹೋಗಿ. ಡಚ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರ ಜುಲೈನಲ್ಲಿ ಶುರು ಮಾಡಿದ್ದು ಅದು. ಚೀಟಿ ಮತ್ತು ಒಂದೆರಡು ಹಾಳಾದ ಫೈಲ್ ಕೊಟ್ಟರೆ ಯಾವ ರಾನ್ಸಮ್‌ವೇರ್ ಎಂದು ಗುರುತಿಸಲು ಪ್ರಯತ್ನಿಸುತ್ತದೆ, ಬಿಡಿಸುವ ಸಾಧನ ಇದ್ದರೆ ಪುಕ್ಕಟೆ ಕೊಡುತ್ತದೆ. ಎಲ್ಲವಕ್ಕೂ ಇಲ್ಲ. ಇವತ್ತು ಇಲ್ಲದ್ದು ಮುಂದೆ ಬರಬಹುದು, ಅದಕ್ಕೇ ಫೈಲ್ ಅಳಿಸಬೇಡಿ ಎಂದದ್ದು.

ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಕೊಡಬಹುದು, ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು. ಬ್ಯಾಂಕಿನಿಂದ ರೊಕ್ಕವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ ಬದಲಿಸಿ. ಡಿಜೆವು ಜೊತೆಗೆ ಪಾಸ್‌ವರ್ಡ್ ಕದಿಯುವ ವೈರಸ್ಸೂ ಬಂದ ಉದಾಹರಣೆಗಳಿವೆ.

ಆಮೇಲೆ ಡಿಸ್ಕನ್ನು ಪೂರ್ತಿ ಅಳಿಸಿ, ಶುದ್ಧವಾದ ಪೆನ್‌ಡ್ರೈವಿನಿಂದ ವಿಂಡೋಸ್ ಹೊಸದಾಗಿ ಹಾಕಿ, ಅಪ್‌ಡೇಟ್ ಮುಗಿಸಿ. ಹಾಳಾದ ಫೈಲ್‌ಗಳನ್ನು ಉಳಿಸಿಕೊಳ್ಳುವುದಿದ್ದರೆ ಹಳೆಯ ಡಿಸ್ಕ್ ತೆಗೆದಿಟ್ಟು ಹೊಸದು ಹಾಕಿಸುವುದು ಮೇಲು. ಬ್ಯಾಕಪ್ ಡಿಸ್ಕ್ ಹೊರಗೆ ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆ.

ರೊಕ್ಕ ಕೊಟ್ರ ಫೈಲ್ ವಾಪಸ್ ಕೊಡ್ತಾರಂತಲ್ಲ?

ಕೊಟ್ಟ ಉದಾಹರಣೆಯೂ ಇದೆ, ಕೊಡದೆ ಮತ್ತೆ ಕೇಳಿದ್ದೂ ಇದೆ. ಡಿಜೆವು ಚೀಟಿಯಲ್ಲಿ 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ ಎಂದು ಬರೆದಿರುತ್ತಿತ್ತು. ಆ ರಿಯಾಯಿತಿ ನಿಮ್ಮನ್ನು ವಿಚಾರ ಮಾಡಲು ಬಿಡದಿರಲಿಕ್ಕೆ ಹೂಡಿದ ಒತ್ತಡ. ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ನಿಮ್ಮ ರೊಕ್ಕದಲ್ಲೇ ಮುಂದಿನ ಮನೆಯ ಮೇಲೆ ದಾಳಿ ನಡೆಯುತ್ತದೆ. "ನಾವು ಖಂಡಿತ ಬಿಡಿಸಿಕೊಡ್ತೇವೆ" ಎಂದು ಮುಂಗಡ ಕೇಳುವ ಮಧ್ಯಸ್ಥರನ್ನೂ ದೂರ ಇಡಿ. ಸರಿಯಾಗಿ ಮಾಡಿದ ಗೂಢಲಿಪಿಯನ್ನು ಕೀಲಿ ಇಲ್ಲದೆ ಯಾರೂ ಬಿಡಿಸಲಾರರು.

ಬ್ಯಾಕಪ್‌ನ್ಯಾಗೂ ವೈರಸ್ ಕೂತಿದ್ರ?

ಕೂತಿರಬಹುದು. ಆದ್ದರಿಂದ ಫೋಟೊ, ವಿಡಿಯೊ, ಪತ್ರಗಳನ್ನು ಮಾತ್ರ ವಾಪಸ್ ತನ್ನಿ. ಡೌನ್‌ಲೋಡ್ಸ್ ಫೋಲ್ಡರ್, ಹಳೆಯ ಸೆಟಪ್ ಫೈಲ್‌ಗಳು, ಮುಖ್ಯವಾಗಿ ಕ್ರ್ಯಾಕ್‌ಗಳು ಬೇಡವೇ ಬೇಡ. ಡಿಸ್ಕ್ ಹಚ್ಚಿದೊಡನೆ ಆಂಟಿವೈರಸ್‌ನಿಂದ ಒಮ್ಮೆ ಪೂರ್ತಿ ಪರೀಕ್ಷಿಸಿ. ಕೊನೆಯ ಪ್ರತಿಯ ಬಗ್ಗೆ ಅನುಮಾನ ಇದ್ದರೆ ಅದರ ಹಿಂದಿನದನ್ನು ಬಳಸಿ.

## ಸ್ವಲ್ಪ ಪಳಗಿದವರಿಗೆ

ಬ್ಯಾಕಪ್ ಡಿಸ್ಕ್ ಕಳವಾದರೆ ಯಾರಾದರೂ ನಮ್ಮ ಫೋಟೊ ನೋಡಿಬಿಡಬಹುದಲ್ಲ? ಪಾಸ್‌ವರ್ಡ್ ಹಾಕಬಹುದೇ?

ಹಾಕಬಹುದು, ಮನೆಯ ಹೊರಗೆ ಇಡುವ ಡಿಸ್ಕಿಗಂತೂ ಹಾಕಲೇಬೇಕು. ವಿಂಡೋಸ್ ಪ್ರೊ ಇದ್ದವರಿಗೆ ಬಿಟ್‌ಲಾಕರ್ ಇದೆ, ಉಳಿದವರು ಪುಕ್ಕಟೆಯ ವೆರಾಕ್ರಿಪ್ಟ್ ಬಳಸಬಹುದು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಹೊಲ-ಮನೆ ಕಾಗದಪತ್ರಗಳ ಜೊತೆ ಇಡಿ, ಮನೆಯಲ್ಲಿ ಇನ್ನೊಬ್ಬರಿಗೆ ಆ ಜಾಗ ಗೊತ್ತಿರಲಿ. ಅದನ್ನು ಅದೇ ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಕಂಪ್ಯೂಟರ್ ಹೋದ ದಿನ ಡಿಸ್ಕೂ ಹೋದಂತೆ.

ಅಂದಹಾಗೆ, ಡಿಸ್ಕಿಗೆ ಹಾಕಿದ ಪಾಸ್‌ವರ್ಡ್ ಕಳ್ಳನನ್ನು ತಡೆಯುತ್ತದೆ, ರಾನ್ಸಮ್‌ವೇರನ್ನು ಅಲ್ಲ. ಡಿಸ್ಕ್ ತೆರೆದಿರುವಾಗ ಅದು ಗೂಢಲಿಪಿಯ ಮೇಲೆ ಇನ್ನೊಂದು ಗೂಢಲಿಪಿ ಬರೆದುಬಿಡುತ್ತದೆ.

ಲ್ಯಾಪ್‌ಟಾಪ್ ಕೆಟ್ಟಿತಂತ ಒಳಗಿನ ಡಿಸ್ಕ್ ತಗದು ಬ್ಯಾರೆದಕ್ಕ ಹಚ್ಚಿದ್ರ 48 ಅಂಕಿ ಕೇಳಾಕತ್ತೈತ್ರಿ. ಇದ್ ವೈರಸ್ ಏನು?

ವೈರಸ್ ಅಲ್ಲ, ಬಿಟ್‌ಲಾಕರ್‌ನ ರಿಕವರಿ ಕೀ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕಿನ ಗೂಢಲಿಪೀಕರಣ ತಾನಾಗಿ ಶುರುವಾಗಿರಬಹುದು. ಆಗ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಾವ ಖಾತೆ ಎಂದು ನೆನಪಿಸಿಕೊಂಡು ಅಲ್ಲಿ ಹುಡುಕಿ. ಲ್ಯಾಪ್‌ಟಾಪ್ ಚೆನ್ನಾಗಿರುವ ಈ ಹೊತ್ತಿನಲ್ಲೇ ಆ 48 ಅಂಕಿಗಳನ್ನು ಮುದ್ರಿಸಿ ಇಟ್ಟುಕೊಳ್ಳುವುದು ಜಾಣತನ. ಅಂಗಡಿಯವರು ಖಾತೆ ಮಾಡಿಕೊಟ್ಟಿದ್ದರೆ ಅದರ ಇಮೇಲ್, ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಇದೆಯೇ ಎಂದು ಇವತ್ತೇ ನೋಡಿ.

ಮನೆಯಲ್ಲಿ ನ್ಯಾಸ್ ಇಟ್ಟಿದ್ದೇವೆ, ಎಲ್ಲರ ಕಂಪ್ಯೂಟರೂ ಅದಕ್ಕೇ ಬ್ಯಾಕಪ್ ಆಗುತ್ತವೆ. ಇನ್ನೇನು ಭಯ?

ನ್ಯಾಸ್ ಎಂದರೆ ನೆಟ್‌ವರ್ಕಿಗೆ ಹಚ್ಚಿದ ಡಿಸ್ಕ್ ಪೆಟ್ಟಿಗೆ, ಅದೂ ಒಂದು ಕಂಪ್ಯೂಟರೇ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಿಂದ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್‌ಗಳು ನೇರವಾಗಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳ ಮೇಲೆಯೇ ದಾಳಿ ಮಾಡಿದವು. 2021ರ ಜೂನ್‌ನಲ್ಲಿ ಇಂಟರ್‌ನೆಟ್ಟಿಗೆ ತೆರೆದಿದ್ದ ಡಬ್ಲ್ಯುಡಿ ಮೈ ಬುಕ್ ಲೈವ್ ಡಿಸ್ಕ್‌ಗಳನ್ನು ದಾಳಿಕೋರರು ದೂರದಿಂದಲೇ ಅಳಿಸಿಹಾಕಿದರು. ಎಲ್ಲಿಂದ ಬೇಕಾದರೂ ನೋಡಬಹುದು ಎಂದು ರೌಟರಿನಲ್ಲಿ ಪೋರ್ಟ್ ತೆರೆದಿದ್ದರೆ ಮುಚ್ಚಿಸಿ. ನ್ಯಾಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಮೊದಲಿನಿಂದ ಬಂದ ಅಡ್ಮಿನ್ ಖಾತೆ ಬದಲಿಸಿ, ಫೈಲ್‌ಗಳ ಹಿಂದಿನ ಸ್ಥಿತಿಯನ್ನು ಉಳಿಸಿಡುವ ಸ್ನ್ಯಾಪ್‌ಶಾಟ್ ಸೌಲಭ್ಯ ಇದ್ದರೆ ಆನ್ ಮಾಡಿ. ರೇಡ್, ಎಂದರೆ ಒಂದೇ ಡೇಟಾವನ್ನು ಒಂದಕ್ಕಿಂತ ಹೆಚ್ಚು ಡಿಸ್ಕಿನಲ್ಲಿ ಇಡುವ ಏರ್ಪಾಡು, ಇದೆ ಎಂದು ನಿಶ್ಚಿಂತರಾಗಬೇಡಿ. ಅದು ಒಂದು ಡಿಸ್ಕ್ ಕೆಟ್ಟರೆ ಕಾಯುತ್ತದೆ. ನೀವು ಅಳಿಸಿದ್ದನ್ನು, ವೈರಸ್ ಹಾಳುಮಾಡಿದ್ದನ್ನು ಎರಡೂ ಡಿಸ್ಕಿನಲ್ಲಿ ಒಂದೇ ಕ್ಷಣಕ್ಕೆ ಮಾಡಿ ಮುಗಿಸುತ್ತದೆ.

ಬ್ಯಾಕಪ್ ತಾನಾಗಿಯೇ ಆಗಬೇಕು, ವೈರಸ್‌ಗೂ ಸಿಗಬಾರದು. ಅಂಥದ್ದು ಇಲ್ಲವೇ?

ಹತ್ತಿರ ಹತ್ತಿರ ಇದೆ. ಕಂಪ್ಯೂಟರ್ ಬ್ಯಾಕಪ್ ಜಾಗಕ್ಕೆ ಬರೆಯುವ ಬದಲು, ಬ್ಯಾಕಪ್ ಯಂತ್ರವೇ ಬಂದು ಕಂಪ್ಯೂಟರಿನಿಂದ ಎಳೆದುಕೊಳ್ಳುವಂತೆ ಮಾಡುವುದು ಒಂದು ದಾರಿ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ನಿಮ್ಮ ಫೋಲ್ಡರನ್ನು ಓದಲು ಮಾತ್ರ ಅದಕ್ಕೆ ಅನುಮತಿ ಕೊಡಿ. ಅದರ ಪಾಸ್‌ವರ್ಡ್ ದಿನನಿತ್ಯದ ಕಂಪ್ಯೂಟರಿನಲ್ಲಿ ಎಲ್ಲಿಯೂ ಇಲ್ಲದಿದ್ದರೆ, ಅಲ್ಲಿ ಕೂತ ವೈರಸ್ಸಿಗೆ ಅದರೊಳಗೆ ಹೋಗುವ ದಾರಿ ಕಿರಿದಾಗುತ್ತದೆ.

ಬೋರ್ಗ್, ರೆಸ್ಟಿಕ್ ಎಂಬ ಪುಕ್ಕಟೆ ಸಾಧನಗಳನ್ನು ಸೇರಿಸಲು ಮಾತ್ರ ಬಿಡುವ, ಅಳಿಸಲು ಬಿಡದ ಕ್ರಮದಲ್ಲಿ ನಡೆಸಬಹುದು. ಕೆಲವು ಕ್ಲೌಡ್ ಸೇವೆಗಳು ಆಬ್ಜೆಕ್ಟ್ ಲಾಕ್ ಎಂಬ ಸೌಲಭ್ಯದಲ್ಲಿ ನಿಗದಿಪಡಿಸಿದ ದಿನಗಳವರೆಗೆ ಯಾರೂ ಫೈಲ್ ಅಳಿಸದಂತೆ ತಡೆಯುತ್ತವೆ. ಇವನ್ನು ಹೊಂದಿಸಲು ಒಂದು ಭಾನುವಾರ ಪೂರ್ತಿ ಬೇಕು, ಆಮೇಲೆ ಆಗಾಗ ಲಾಗ್ (ನಡೆದದ್ದರ ದಾಖಲೆ) ನೋಡುತ್ತಿರಬೇಕು. ತಿಂಗಳುಗಟ್ಟಲೆ ಸುಮ್ಮನೆ ನಿಂತುಹೋದದ್ದು ಗೊತ್ತಾಗದೆ ಇರುವುದೇ ಸ್ವಯಂಚಾಲಿತ ಬ್ಯಾಕಪ್ಪಿನ ದೊಡ್ಡ ತೊಂದರೆ. ಇಷ್ಟು ಮಾಡಿದವರೂ ಅಮಾವಾಸ್ಯೆಯ ಡಿಸ್ಕನ್ನು ನಿಲ್ಲಿಸಬೇಡಿ.